ಸಾಕ್ಷ್ಯಚಿತ್ರಕ್ಕೆ ನಿಂತ ನಾಟಕಕಾರ

ಸಾಹಿತಿಯೊಬ್ಬನು ದೂರದರ್ಶನದ ಪರದೆಯ ಮೇಲೆ ಕಾಣಿಸಿಕೊಂಡರೆ ನಮ್ಮ ರಸಿಕರಲ್ಲಿ ಕೆಲವರಿಗೆ ಕಸಿವಿಸಿಯಾಗುತ್ತದೆ. ಬರೆಯಬೇಕಾದ ಹೊತ್ತು ಬೇರೆಡೆಗೆ ಸೋರಿಹೋಯಿತಲ್ಲ ಎಂಬ ಕೊರಗು ಅದು. ಗಿರೀಶ ಕಾರ್ನಾಡರ (೧೯೩೮–೨೦೧೯) ವಿಷಯದಲ್ಲಿ ಈ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಹಾವೇರಿ ಸೀಮೆಯಲ್ಲಿ ನಿಂತು ನೋಡಿದರೆ ಆ ಕೊರಗಿಗೆ ಆಧಾರವಿಲ್ಲವೆಂದು ನನಗೆ ತೋರುತ್ತದೆ.

ಈ ಸೀಮೆಯು ಮೊದಲಿನಿಂದಲೂ ನುಡಿಯನ್ನು ಕಿವಿಯಿಂದ ಕಾಪಾಡಿಕೊಂಡು ಬಂದದ್ದು. ಕನಕದಾಸರ ಬಾಡ ಶಿಗ್ಗಾಂವಿ ತಾಲೂಕಿನಲ್ಲಿದೆ. ಶರೀಫಸಾಹೇಬರ ಶಿಶುನಾಳವೂ ಅಲ್ಲಿಯದೇ. ಹಿರೇಕೆರೂರು ತಾಲೂಕಿನ ಅಬಲೂರು ಸರ್ವಜ್ಞನ ಊರೆಂಬ ಪ್ರತೀತಿಯಿದೆ. ಗಾಯಕ ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ‘ಸಮರಸವೇ ಜೀವನ’ದಂತಹ ಬೃಹತ್ ಕಾದಂಬರಿಯನ್ನು ಬರೆದ ವಿ.ಕೃ. ಗೋಕಾಕರು ಸವಣೂರಿನವರಾದರೂ, ನಾಡಿನ ಈ ಭಾಗಕ್ಕೆ ಹೆಚ್ಚು ಹೆಸರು ತಂದದ್ದು ಹಾಡಿದ ನುಡಿ. ಅಂಥ ನುಡಿಯನ್ನು ಪುಸ್ತಕದಲ್ಲಿ ಅಚ್ಚು ಮಾಡಿದಾಗ ಅರ್ಥ ಉಳಿಯುತ್ತದೆ. ದನಿ, ಮುಖ, ಕೈಯ ತಾಳ ಇವು ಉಳಿಯುವುದಿಲ್ಲ. ಸಾಕ್ಷ್ಯಚಿತ್ರದ ಪ್ರಯೋಜನವಿರುವುದು ಇಲ್ಲಿಯೇ.

ಕಾರ್ನಾಡರು ‘ಯಯಾತಿ’ಯನ್ನು ೧೯೬೧ರಲ್ಲಿಯೂ ‘ತುಘಲಕ್’ ನಾಟಕವನ್ನು ೧೯೬೪ರಲ್ಲಿಯೂ ಪ್ರಕಟಿಸಿದರು. ನಾಟಕಕಾರನಿಗೆ ಒಂದು ಸ್ವಾತಂತ್ರ್ಯವುಂಟು. ಇತಿಹಾಸದ ಸುಲ್ತಾನನೇ ಆಗಲಿ, ಅವನು ಏನು ಮಾತನಾಡಬೇಕೆಂಬುದನ್ನು ನಿಶ್ಚಯಿಸುವವನು ಬರೆಯುವವನೇ. ೧೯೭೨ರಲ್ಲಿ ಅವರು ದ.ರಾ. ಬೇಂದ್ರೆಯವರನ್ನು ಕುರಿತು ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದಾಗ ಈ ಸ್ವಾತಂತ್ರ್ಯವನ್ನು ಬಿಟ್ಟುಕೊಡಬೇಕಾಯಿತು. ಎಪ್ಪತ್ತಾರರ ವಯಸ್ಸಿನ ವರಕವಿಗೆ ಮಾತು ಬರೆದುಕೊಡುವ ಧೈರ್ಯ ಯಾರಿಗಿದ್ದೀತು! ಇಲ್ಲಿ ನಿರ್ದೇಶಕನ ಕೆಲಸ ಕಾಯುವುದು, ಕೇಳುವುದು, ಆಯ್ದು ಜೋಡಿಸುವುದು. ಬೇಂದ್ರೆಯವರು ೧೯೮೧ರಲ್ಲಿ ತೀರಿಕೊಂಡರು. ಆ ಚಿತ್ರದ ಬೆಲೆ ಅಂದಿನಿಂದ ಹೆಚ್ಚುತ್ತಲೇ ಇದೆ.

ಕನಕದಾಸರ ವಿಷಯದಲ್ಲಿ ಕಷ್ಟ ಬೇರೆ ಬಗೆಯದು. ೧೯೮೮ರಲ್ಲಿ ಕಾರ್ನಾಡರು ‘ಕನಕ ಪುರಂದರ’ ಎಂಬ ಸಾಕ್ಷ್ಯಚಿತ್ರವನ್ನು ಮಾಡಿದರು. ನಾಲ್ಕು ಶತಮಾನಗಳ ಹಿಂದಿನ ದಾಸರನ್ನು ಕ್ಯಾಮೆರಾದ ಮುಂದೆ ಕೂರಿಸುವುದು ಸಾಧ್ಯವೇ? ಉಳಿದಿರುವುದು ಕೀರ್ತನೆಗಳು, ಊರುಗಳು, ಜನರ ನೆನಪು. ಸಿರಿಯನ್ನು ಬಿಟ್ಟುಬಂದ ವ್ಯಾಪಾರಿ ಪುರಂದರರು. ಕುಲದ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಹೊತ್ತವರು ಕನಕರು. ಇಬ್ಬರನ್ನೂ ಒಂದೇ ಹೆಸರಿನಡಿ ಜೊತೆಗಿರಿಸಿದಾಗಲೇ ಒಂದು ವಿಚಾರ ಮೊಳೆಯುತ್ತದೆ. ಇದರ ಬೆನ್ನಿಗೆ ಭಕ್ತಿಪಂಥ ಮತ್ತು ಸೂಫಿಪಂಥಗಳನ್ನು ಕುರಿತ ‘ದ ಲ್ಯಾಂಪ್ ಇನ್ ದ ನಿಷ್’ ಬಂದಿತು. ಎರಡಕ್ಕೂ ರಾಷ್ಟ್ರ ಚಲನಚಿತ್ರ ಪ್ರಶಸ್ತಿ ದೊರೆಯಿತು.

ಈಗ ವರ್ಷಗಳನ್ನು ಸಾಲಾಗಿ ಇಟ್ಟು ನೋಡೋಣ. ೧೯೯೦ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ತೆರೆಗೆ ಬಂದಿತು; ಮುಸಲ್ಮಾನ ಶಿಷ್ಯನನ್ನು ಒಪ್ಪಿಕೊಂಡ ಬ್ರಾಹ್ಮಣ ಗುರು ಗೋವಿಂದಭಟ್ಟರ ಪಾತ್ರದಲ್ಲಿ ಕಾರ್ನಾಡರೇ ಅಭಿನಯಿಸಿದರು. ಅದೇ ವರ್ಷ ಅವರ ‘ತಲೆದಂಡ’ ಪ್ರಕಟವಾಯಿತು. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಹುಟ್ಟಿನ ಗೆರೆಯನ್ನು ದಾಟಹೊರಟವರಿಗೆ ಒದಗಿದ ದುರಂತವೇ ಅದರ ವಸ್ತು. ಕನಕ, ಸೂಫಿಗಳು, ಶರೀಫ, ಬಸವಣ್ಣ: ಎರಡು ಮೂರು ವರ್ಷಗಳ ಅವಧಿಯಲ್ಲಿ ಒಂದೇ ಪ್ರಶ್ನೆಯು ಸಾಕ್ಷ್ಯಚಿತ್ರವಾಗಿ, ಅಭಿನಯವಾಗಿ, ನಾಟಕವಾಗಿ ಬಂದಿದೆ. ಹೊತ್ತು ಸೋರಿಹೋದದ್ದಾದರೂ ಎಲ್ಲಿ?

ಅದೇ ದಶಕದ ಆರಂಭದಲ್ಲಿ ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ ವಿಜ್ಞಾನ ಕಾರ್ಯಕ್ರಮದ ನಿರೂಪಕರಾಗಿಯೂ ಅವರು ಮನೆಮನೆಗೆ ಪರಿಚಿತರಾದರು. ನಿರೂಪಕನಿಗೆ ಪಾತ್ರದ ಮರೆಯಿಲ್ಲ. ತನ್ನದೇ ದನಿಯಲ್ಲಿ, ಅರಿಯದವನಿಗೂ ತಿಳಿಯುವಂತೆ ಹೇಳಬೇಕು. ಅದೂ ಮಾತಿನ ಶಿಸ್ತೇ.

ಆದುದರಿಂದ ಕಾರ್ನಾಡರ ಕೃತಿಗಳನ್ನು ಪಟ್ಟಿ ಮಾಡುವವರು ಸಾಕ್ಷ್ಯಚಿತ್ರಗಳನ್ನು ‘ಇತರೆ’ ಎಂಬ ತಲೆಬರಹದ ಕೆಳಗೆ ತಳ್ಳದೆ ನಾಟಕಗಳ ಜೊತೆಗೇ ಕಾಲಾನುಕ್ರಮದಲ್ಲಿ ಇರಿಸಬೇಕು. ಶಿಗ್ಗಾಂವಿ, ಹಾನಗಲ್ಲ, ಸವಣೂರು, ಹಿರೇಕೆರೂರುಗಳ ಕಾಲೇಜುಗಳು ಅವನ್ನು ತರಿಸಿ ವಿದ್ಯಾರ್ಥಿಗಳಿಗೆ ತೋರಿಸಬೇಕು. ಶರೀಫರು ೧೮೮೯ರಲ್ಲಿ ಅಗಲಿದರು. ಅವರ ದನಿ ಹೇಗಿತ್ತೆಂದು ಇಂದು ಯಾರಿಗೂ ಗೊತ್ತಿಲ್ಲ. ಅವರ ತತ್ತ್ವಪದಗಳನ್ನು ಈಗಲೂ ಹಾಡುತ್ತಿರುವ ವೃದ್ಧರ ದನಿಯನ್ನು ಹಿಡಿದಿಡಲು ಇನ್ನೂ ಸಮಯವಿದೆ. ಬರೆಯಬಲ್ಲ ತರುಣರು ಕ್ಯಾಮೆರಾ ಹಿಡಿದು ಅವರ ಬಳಿಗೆ ಹೋದರೆ ಸಾಹಿತ್ಯಕ್ಕೆ ನಷ್ಟವಾಗಲಾರದು.