ಸಹಿಯೇನೋ ಇದೆ, ಹಾಕಿದ್ದು ಯಾರು?

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಾದೆ ಇದೆ. ಹಾಗೆಯೇ ಬ್ಯಾಟಿನ ಮೇಲೆ ದೊಡ್ಡ ಆಟಗಾರರ ಸಹಿ ಇದ್ದ ಮಾತ್ರಕ್ಕೆ ಅದು ಅವರೇ ಹಾಕಿದ್ದು ಅಂತ ನಂಬಬಾರದು. ಸಹಿ ಇರುವ ಬ್ಯಾಟು, ಚೆಂಡುಗಳಿಗೆ ಬೆಲೆ ಜಾಸ್ತಿ. ಬೆಲೆ ಇದ್ದಲ್ಲಿ ಮೋಸವೂ ಇರುತ್ತದೆ.

ನಮಗೆ ಕ್ರಿಕೆಟ್ ಹುಚ್ಚು ಇರುವಂತೆ ಅಮೆರಿಕದವರಿಗೆ ಬೇಸ್‌ಬಾಲ್ ಹುಚ್ಚು. ಅಲ್ಲಿ 1990ರ ದಶಕದಲ್ಲಿ ಕಳ್ಳಸಹಿಯ ದಂಧೆ ಜೋರಾಗಿ ನಡೆದಿತ್ತು. ಟೋನಿ ಗ್ವಿನ್ ಎಂಬ ಹೆಸರಾಂತ ಆಟಗಾರರು ತಮ್ಮ ಹೆಸರಿನಲ್ಲಿ ಮಾರಾಟಕ್ಕಿದ್ದ ಸಹಿಗಳು ತಮ್ಮವಲ್ಲ ಎಂದು ಗುರುತಿಸಿದರು. ಎಫ್.ಬಿ.ಐ. ಪೊಲೀಸರು 'ಆಪರೇಷನ್ ಬುಲ್‌ಪೆನ್' ಎಂಬ ತನಿಖೆ ಮಾಡಿ 1999ರ ಅಕ್ಟೋಬರ್‌ನಲ್ಲಿ ಹಲವು ಕಡೆ ದಾಳಿ ನಡೆಸಿದರು. ಆ ತನಿಖೆಯಲ್ಲಿ ಮದರ್ ತೆರೆಸಾ ಸಹಿ ಇರುವ ಬೇಸ್‌ಬಾಲ್ ಚೆಂಡು ಕೂಡ ಸಿಕ್ಕಿತು! ಆ ಕಳ್ಳರು 'ಅಸಲಿ' ಎಂಬ ಪ್ರಮಾಣಪತ್ರವನ್ನೂ ತಾವೇ ತಯಾರಿಸುತ್ತಿದ್ದರು. ಆದ್ದರಿಂದ ಬರೀ ಕಾಗದ ನೋಡಿ ನಂಬೋ ಹಾಗಿಲ್ಲ.

ಹಾಗಾದರೆ ಪರೀಕ್ಷೆ ಮಾಡೋದು ಹೇಗೆ?

1. ಅಚ್ಚೋ, ಬರಹವೋ? ಅಂಗಡಿಯ ಎಷ್ಟೋ ಬ್ಯಾಟುಗಳ ಮೇಲಿನ ಸಹಿ ಅಚ್ಚು ಹಾಕಿದ್ದು. ಭೂತಗನ್ನಡಿ ಹಿಡಿದರೆ ಕೆಲವು ಅಚ್ಚಿನಲ್ಲಿ ಸಣ್ಣ ಸಣ್ಣ ಚುಕ್ಕಿ ಕಾಣುತ್ತವೆ. ಪೆನ್ನಿನಲ್ಲಿ ಬರೆದದ್ದಾದರೆ ಶಾಯಿ ಒಂದು ಕಡೆ ದಟ್ಟ, ಒಂದು ಕಡೆ ತೆಳು.

2. ಕೈ ಓಡಿದೆಯೇ? ಪ್ರಗತಿಪತ್ರಕ್ಕೆ ಅಪ್ಪನ ಸಹಿಯನ್ನು ಮಗನೇ ಹಾಕಿದರೆ ಮೇಷ್ಟ್ರು ಹೇಗೆ ಹಿಡೀತಾರೆ? ನೋಡಿಕೊಂಡು ನಿಧಾನವಾಗಿ ಬರೆದಾಗ ಗೆರೆ ನಡುಗುತ್ತದೆ, ನಡುನಡುವೆ ಪೆನ್ನು ನಿಂತ ಗುರುತು ಬೀಳುತ್ತದೆ. ಇಲ್ಲಿಯೂ ಅಷ್ಟೇ.

3. ತದ್ರೂಪವೇ? ಒಬ್ಬರೇ ಎರಡು ಸಲ ಹಾಕಿದ ಸಹಿ ಕೂದಲೆಳೆಯಷ್ಟಾದರೂ ಬೇರೆ ಇರುತ್ತದೆ. ಎರಡೂ ಪೂರ್ತಿ ಒಂದೇ ಆಗಿದ್ದರೆ ಅದು ಠಸ್ಸೆಯೋ ನಕಲೋ ಇರಬೇಕು.

4. ಕಾಲ ಹೊಂದುತ್ತದೆಯೇ? ಬೇಬ್ ರೂತ್ ಎಂಬ ಆಟಗಾರ ತೀರಿಕೊಂಡದ್ದು 1948ರಲ್ಲಿ. ಶಾರ್ಪಿ ಎಂಬ ಮಾರ್ಕರ್ ಪೆನ್ನು ಬಂದದ್ದು 1964ರಲ್ಲಿ. ಆ ಪೆನ್ನಿನಲ್ಲಿ ಆತನ ಸಹಿ ಇದ್ದರೆ ಅದು ಸುಳ್ಳೇ.

ಈ ಪರೀಕ್ಷೆಗಳಲ್ಲಿ ಸುಳ್ಳು ಸಿಕ್ಕಿಬೀಳಬಹುದು. ಆದರೆ ಪಾಸಾದದ್ದೆಲ್ಲ ನಿಜ ಅಂತಲ್ಲ. ಅದಕ್ಕೇ ಐದನೆಯದು ಮುಖ್ಯ.

5. ಕಣ್ಣಾರೆ ಕಂಡವರು ಯಾರು? ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನವರು 2001ರಲ್ಲಿ ಒಂದು ವ್ಯವಸ್ಥೆ ತಂದರು. ಆಟಗಾರ ಸಹಿ ಹಾಕುವಾಗ ಸಾಕ್ಷಿ ಎದುರಿಗೇ ಇರಬೇಕು. ಆಮೇಲೆ ನಂಬರ್ ಇರುವ ಹೊಳೆಯುವ ಚೀಟಿ ಅಂಟಿಸುತ್ತಾರೆ. ಆ ನಂಬರನ್ನು ಯಾರು ಬೇಕಾದರೂ ತಾಳೆ ನೋಡಬಹುದು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮೂರ ಪಂದ್ಯಾವಳಿಗೆ ಸಹಿ ಇರುವ ಬ್ಯಾಟನ್ನು ಬಹುಮಾನ ಇಡೋಣ ಅಂತ ಅಣ್ಣಂದಿರು ಚಂದಾ ಎತ್ತುತ್ತಿದ್ದಾರೆ. ಮಾರುವವನು 4,000 ರೂಪಾಯಿ ಕೇಳಿದ್ದಾನಂತೆ. ಅದರಲ್ಲಿ ಕೂಲಿಗೆ ಹೋಗುವವರು ಕೊಟ್ಟ ಹತ್ತಿಪ್ಪತ್ತು ರೂಪಾಯಿಯೂ ಸೇರಿದೆ. ಅಣ್ಣಂದಿರೇ, ದುಡ್ಡು ಕೊಡೋ ಮುಂಚೆ ಕೇಳಿ: ಸಹಿ ಯಾವಾಗ, ಎಲ್ಲಿ, ಯಾರ ಮುಂದೆ ಹಾಕಿದ್ದು? ಗುರುಗಳು ಒಪ್ಪಿದರೆ ವಿಜ್ಞಾನ ಕೊಠಡಿಯ ಭೂತಗನ್ನಡಿ ಹಿಡಿದುಕೊಂಡು ನಾನೂ ಬರ್ತೀನಿ.

ಸರಿಯಾದ ಉತ್ತರ ಸಿಗದಿದ್ದರೆ ಸಹಿ ಇಲ್ಲದ ಹೊಸ ಬ್ಯಾಟೇ ವಾಸಿ. ಅದರಲ್ಲಿ ಆಡಬಹುದಲ್ಲ!