ಅಜ್ಜಿಯ ಮಣೆ ಮತ್ತು ಸರ್ಕಾರದ ಪಟ್ಟಿ

ಮೈಸೂರಿನ ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಮರದ ಮಣೆಯೊಂದಿದೆ. ಅಜ್ಜಿ ಅದರ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಇದ್ದಿಲ ಪುಡಿ, ಜಿಗಟು ಪುಡಿ ಕಲಸಿದ ಹಿಟ್ಟು, ಬಿದಿರ ಕಡ್ಡಿ, ಅಂಗೈ. ಕೂಲಿ ಸಾವಿರದ ಲೆಕ್ಕ. ಸಂಜೆ ಮಾಲೀಕರ ಕಡೆಯವರು ಬಂದು ಕಟ್ಟು ಎಣಿಸಿ, ಸೊಟ್ಟಗಿದ್ದವನ್ನು ಬದಿಗಿಟ್ಟು, ಉಳಿದದ್ದಕ್ಕೆ ಕಾಸು ಕೊಡುತ್ತಿದ್ದರು. ಹಬ್ಬದ ದಿನವೂ ಅಜ್ಜಿಯ ಅಂಗೈ ಕಪ್ಪಗೇ ಇರುತ್ತಿತ್ತು.

ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದುವಾಗ ಗೊತ್ತಾಯಿತು, ಈ ಕೆಲಸಕ್ಕೆ ಸರ್ಕಾರದ ರಕ್ಷಣೆ ಇತ್ತಂತೆ! 1967ರಲ್ಲಿ ಕೇಂದ್ರ ಸರ್ಕಾರ 47 ವಸ್ತುಗಳ ತಯಾರಿಕೆಯನ್ನು ಸಣ್ಣ ಕೈಗಾರಿಕೆಗಳಿಗೆ ಮೀಸಲಿಟ್ಟಿತು. ಎಂಬತ್ತರ ದಶಕದಲ್ಲಿ ಈ ಪಟ್ಟಿ 800 ದಾಟಿತು. ಉಪ್ಪಿನಕಾಯಿ, ಬೆಂಕಿಪೊಟ್ಟಣ, ಗಾಜಿನ ಬಳೆ, ಸ್ಟೀಲ್ ಬೀರು, ನಾವು ಬರೆಯುವ ನೋಟ್‌ಬುಕ್, ಊದುಬತ್ತಿ ಎಲ್ಲ ಅದರಲ್ಲಿದ್ದವು. ದೊಡ್ಡ ಕಂಪನಿ ಇವನ್ನು ಸಣ್ಣ ಘಟಕಗಳಿಂದ ಕೊಂಡು ಮಾರಬಹುದಿತ್ತು. ಕೆಲವು ವಿನಾಯಿತಿ ಬಿಟ್ಟರೆ, ತಾನೇ ತಯಾರಿಸುವಂತಿರಲಿಲ್ಲ.

ಕಡಿಮೆ ಬಂಡವಾಳದಲ್ಲಿ ಹೆಚ್ಚು ಕೈಗಳಿಗೆ ಕೆಲಸ ಸಿಗಲಿ ಎಂಬ ಉದ್ದೇಶದಲ್ಲಿ ತಪ್ಪಿರಲಿಲ್ಲ. ತೊಡಕಿದ್ದದ್ದು 'ಸಣ್ಣ' ಯಾವುದು ಎಂದು ಅಳೆದ ರೀತಿಯಲ್ಲಿ. ಯಂತ್ರಗಳ ಮೇಲಿನ ಹೂಡಿಕೆಯೇ ಅಳತೆಗೋಲು. 1997ರಲ್ಲಿ ಆ ಮಿತಿಯನ್ನು 3 ಕೋಟಿ ರೂಪಾಯಿಗೆ ಏರಿಸಿ, 1999ರಲ್ಲಿ 1 ಕೋಟಿಗೆ ಇಳಿಸಿದರು. ಗೆರೆ ದಾಟಿದರೆ ರಕ್ಷಣೆ ತಪ್ಪಿತು. ಹಾಗಿದ್ದಾಗ ವ್ಯಾಪಾರ ಚೆನ್ನಾಗಿರುವ ಮಾಲೀಕ ಏನು ಮಾಡುತ್ತಾನೆ? ಹೊಸ ಯಂತ್ರದ ಗೊಡವೆಗೆ ಹೋಗುವುದಿಲ್ಲ. ಇಲ್ಲವೇ ಹೆಂಡತಿಯ ಹೆಸರಲ್ಲೊಂದು, ತಮ್ಮನ ಹೆಸರಲ್ಲೊಂದು ಘಟಕ ತೆರೆಯುತ್ತಾನೆ. ಒಂದು ದೊಡ್ಡ ಕಾರ್ಖಾನೆ ಆಗಬಹುದಾದದ್ದು ನಾಲ್ಕು ಶೆಡ್ ಆಗಿ ಉಳಿಯುತ್ತದೆ. ಬೆಳೆಯದೆ ಇರುವುದಕ್ಕೇ ಬಹುಮಾನ!

ಇನ್ನೊಂದು ವಿಚಿತ್ರ ನೋಡಿ. ಇಲ್ಲಿನ ದೊಡ್ಡ ಕಾರ್ಖಾನೆಗೆ ಬೇಲಿ ಹಾಕಿದ್ದ ಕಾಲದಲ್ಲೇ ಆಮದಿನ ಬಾಗಿಲು ತೆರೆಯಿತು. ವಿಯೆಟ್ನಾಂನಿಂದ ಯಂತ್ರದಲ್ಲಿ ಮಾಡಿದ, ಪರಿಮಳ ಹಾಕದ ಕಚ್ಚಾ ಬತ್ತಿ ಬರತೊಡಗಿತು. ಕೊಂಡವರು ಇಲ್ಲಿನ ಊದುಬತ್ತಿ ಮಾಲೀಕರೇ. ಅಜ್ಜಿಯ ಮನೆಗೆ ಬರುತ್ತಿದ್ದ ಹಿಟ್ಟಿನ ಚೀಲ ಮೊದಲು ವಾರಕ್ಕೊಮ್ಮೆ ಆಯಿತು, ಆಮೇಲೆ ನಿಂತಿತು. ಆಮದಿಗೆ ಸರ್ಕಾರ ನಿರ್ಬಂಧ ಹೇರಿದ್ದು 2019ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಮಣೆ ಅಟ್ಟ ಸೇರಿತ್ತು.

ಮೀಸಲು ಪಟ್ಟಿ ಕರಗುತ್ತಾ ಬಂದು, ಕೊನೆಯ 20 ವಸ್ತುಗಳು 2015ರ ಏಪ್ರಿಲ್‌ನಲ್ಲಿ ಹೊರಬಿದ್ದವು, ಊದುಬತ್ತಿಯೂ ಅದರಲ್ಲಿತ್ತು. ಇದರಿಂದ ಉದ್ಯೋಗ ಹೋಯಿತೇ? ಲೆಸ್ಲಿ ಮಾರ್ಟಿನ್, ಶಾಂತಿ ನಟರಾಜ್ ಮತ್ತು ಆನ್ ಹ್ಯಾರಿಸನ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳುತ್ತದೆ. ಮೀಸಲು ತೆರವಿನ ಪ್ರಭಾವ ಹೆಚ್ಚಿದ್ದ ಜಿಲ್ಲೆಗಳಲ್ಲಿ ಉದ್ಯೋಗ ಹೆಚ್ಚು ಬೆಳೆಯಿತು. ಹಳೆಯ ಸಣ್ಣ ಘಟಕಗಳು ಕುಗ್ಗಿದವು ನಿಜ, ಆದರೆ ಹೊಸದಾಗಿ ಬಂದವರು ಮತ್ತು ಅಲ್ಲಿಯವರೆಗೆ ಕೈಕಟ್ಟಿ ಕೂತಿದ್ದವರು ಅದಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಂಡರು.

ಓದಿ ಖುಷಿಯಾಯಿತು, ಪೂರ್ತಿ ಅಲ್ಲ. ಕೆಲಸ ಕಳೆದುಕೊಂಡವರೂ ಹೊಸ ಕೆಲಸ ಹಿಡಿದವರೂ ಒಬ್ಬರೇ ಅಲ್ಲವಲ್ಲ. ಸಿದ್ಧ ಉಡುಪು ಮೀಸಲಿನಿಂದ ಹೊರಬರಲು ದಾರಿ ಮಾಡಿದ್ದು 2000ರ ಜವಳಿ ನೀತಿ. ಇವತ್ತು ನಮ್ಮ ದೊಡ್ಡಮ್ಮನ ಮಗಳು ಬೆಂಗಳೂರಿನ ದೊಡ್ಡ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಯುತ್ತಾಳೆ. ಸಂಬಳ ಸಾಲದು, ಟಾರ್ಗೆಟ್ ಕಾಟ ಬೇರೆ ಎಂದು ಗೊಣಗುತ್ತಾಳೆ. ಆದರೂ ಅವಳಿಗೆ ಪಿಎಫ್ ಇದೆ, ಇಎಸ್‌ಐ ಇದೆ. 'ರಕ್ಷಣೆ'ಯಲ್ಲಿದ್ದ ಅಜ್ಜಿಗೆ ಒಂದು ಹಾಜರಿ ಪುಸ್ತಕವೂ ಇರಲಿಲ್ಲ. ಹಾಗಂತ ಅರವತ್ತರ ಅಜ್ಜಿಯನ್ನು ಯಾವ ಗಾರ್ಮೆಂಟ್ಸ್ ತೆಗೆದುಕೊಳ್ಳುತ್ತಿತ್ತು?

ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಆ್ಯಪ್‌ಗಳಿಂದ ಕಿರಾಣಿ ಅಂಗಡಿ ಉಳಿಸಿ ಎಂಬ ಮಾತು ಈಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲೂ ಬರುತ್ತದೆ. ಮೊನ್ನೆ ನಾನೂ ಅದರ ಪರವಾಗಿಯೇ ಮಾತಾಡಿದೆ. ವೇದಿಕೆ ಇಳಿದ ಮೇಲೆ ನಮ್ಮ ಬೀದಿಯ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಬೇಳೆ ತೂಗುವ ಹುಡುಗ ನೆನಪಾದ. ನನ್ನ ಇಡೀ ಭಾಷಣದಲ್ಲಿ ಅವನ ಬಗ್ಗೆ ಒಂದು ಮಾತೂ ಇರಲಿಲ್ಲ.