ಬಾನೆಟ್ ಎತ್ತುವ ಮುನ್ನ ಇಂಜಿನ್ ಆರಲಿ!

ಹುಬ್ಬಳ್ಳಿ–ಹಾವೇರಿ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿರುವ ಶಿಗ್ಗಾಂವದಲ್ಲಿ ಕಾರು ಈಗ ಅಪರೂಪದ ವಸ್ತುವಲ್ಲ. ಬೇಸಿಗೆಯಲ್ಲಿ ಬಾಡ, ಬಂಕಾಪುರ, ಶಿಶುವಿನಹಾಳ ಸುತ್ತಿ ಬಂದರೆ ಸಾಕು, ರಸ್ತೆಯ ದೂಳೆಲ್ಲ ಬಾನೆಟ್ಟಿನ ಕೆಳಗೆ ಸೇರಿರುತ್ತದೆ. ಅದಕ್ಕೆ ಜಿನುಗಿದ ಎಣ್ಣೆ ಬೆರೆತರೆ ಇಂಜಿನ್ ಮೇಲೆ ಅಂಟು ಅಂಟಾದ ಕಪ್ಪು ಪದರ. ಗೋವಿನಜೋಳದ ರಾಶಿ ಮುಗಿದ ಮೇಲೆ ಹೊಲದ ಇಲಿಗಳಿಗೂ ಬೆಚ್ಚಗಿನ ಇಂಜಿನ್ ಒಳ್ಳೆಯ ಬಿಡಾರ.

ರವಿವಾರ ಬಂತೆಂದರೆ ತಂದೆ ನೀರಿನ ಪೈಪು ಹಿಡಿಯುತ್ತಾರೆ, ಮಕ್ಕಳು ಬಕೆಟ್ ತರುತ್ತಾರೆ. ಕಾರಿನ ಹೊರಮೈಗೆ ಇದು ಸರಿ. ಆದರೆ ಇಂಜಿನ್ನಿಗೂ ಒಳಗಿನ ಚರ್ಮದ ಆಸನಗಳಿಗೂ ಅದೇ ನೀರು, ಅದೇ ಸಾಬೂನು ಬಳಸಿದರೆ ಶುಚಿಗಿಂತ ಹಾನಿಯೇ ಹೆಚ್ಚು. ಏಕೆ ಎಂಬುದಕ್ಕೆ ಉತ್ತರ ಪ್ರೌಢಶಾಲೆಯ ವಿಜ್ಞಾನದಲ್ಲೇ ಇದೆ.

ಬಿಸಿಗೆ ತಣ್ಣೀರು ಬೇಡ

ಆಗಷ್ಟೇ ಓಡಿ ನಿಂತ ಇಂಜಿನ್ನಿನ ಒಳಗೆ ಹರಿಯುವ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುತ್ತದೆ. ಹೊಗೆ ಹೊರಹೋಗುವ ಕೊಳವೆಯ ಶಾಖ ಇನ್ನೂ ನೂರಾರು ಡಿಗ್ರಿ ಹೆಚ್ಚು. ಉರಿಯುವ ಕಂದೀಲಿನ ಗಾಜಿಗೆ ನೀರು ಸಿಡಿದರೆ ಗಾಜು ಸೀಳುವುದನ್ನು ಹಿರಿಯರು ಕಂಡಿದ್ದಾರೆ. ತಣ್ಣೀರು ಬಿದ್ದ ಭಾಗ ಥಟ್ಟನೆ ಕುಗ್ಗುತ್ತದೆ, ಉಳಿದ ಭಾಗ ಹಿಗ್ಗಿಯೇ ಇರುತ್ತದೆ. ಈ ಎಳೆದಾಟ ಲೋಹವನ್ನೂ ಬಿಡುವುದಿಲ್ಲ.

ರೇಡಿಯೇಟರಿನ ಮುಚ್ಚಳವಂತೂ ಪ್ರೆಷರ್ ಕುಕ್ಕರಿನ ಮುಚ್ಚಳವಿದ್ದಂತೆ. ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಬಿಸಿ ಇರುವಾಗ ಮುಚ್ಚಳ ತೆಗೆದರೆ ಒತ್ತಡ ಇಳಿದು, ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಆದ್ದರಿಂದ ಕಾರನ್ನು ನೆರಳಿನಲ್ಲಿ ಒಂದೆರಡು ತಾಸು ಆರಲು ಬಿಡಬೇಕು. ಕೆಲವು ಕಾರುಗಳಲ್ಲಿ ಇಂಜಿನ್ ನಿಂತ ಮೇಲೂ ಫ್ಯಾನ್ ತಾನಾಗಿಯೇ ತಿರುಗೀತು. ಕೀಲಿ ತೆಗೆದಿಟ್ಟುಕೊಳ್ಳಬೇಕು, ದುಪಟ್ಟಾ, ಸಡಿಲ ತೋಳು ಹತ್ತಿರ ಸುಳಿಯಬಾರದು.

ಬ್ಯಾಟರಿಯ ಬಳಿ ಒಂದು ಪ್ರಯೋಗ

ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಾಣಿಸಿಕೊಳ್ಳುವುದುಂಟು. ಒಳಗಿನ ಗಂಧಕಾಮ್ಲ ಲೋಹವನ್ನು ತಿಂದ ಗುರುತು ಅದು. ತೆಗೆಯುವಾಗ ಋಣ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಬಹುಪಾಲು ಕಾರುಗಳಲ್ಲಿ ಇಡೀ ಲೋಹದ ಮೈ ಋಣ ಧ್ರುವಕ್ಕೆ ಸೇರಿರುತ್ತದೆ. ಧನ ತುದಿಯನ್ನು ಮೊದಲು ಬಿಚ್ಚುವಾಗ ಪಾನಾ ಕಾರಿನ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊರಬರುವ ಜಲಜನಕಕ್ಕೆ ಒಂದು ಕಿಡಿ ಸಾಕು. ಬೀಡಿ, ಬೆಂಕಿಪೊಟ್ಟಣ ದೂರವಿರಲಿ.

ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿದರೆ ನೊರೆ ಏಳುತ್ತದೆ. ಆಮ್ಲಕ್ಕೆ ಬೈಕಾರ್ಬೊನೇಟ್ ಸೇರಿದಾಗ ಲವಣ, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ಹತ್ತನೆಯ ತರಗತಿಯ ಪಾಠ ಕಣ್ಣೆದುರಿಗೇ ನಡೆಯುತ್ತದೆ. ಸೋಡಾ ನೀರು ಬ್ಯಾಟರಿಯ ಒಳಗೆ ಮಾತ್ರ ಇಳಿಯಬಾರದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು. ಮಕ್ಕಳು ನೋಡಲಿ, ಪಾನಾ ಹಿರಿಯರ ಕೈಯಲ್ಲಿರಲಿ.

ಪೆಟ್ರೋಲ್ ಬಟ್ಟೆಯ ಕಾಲ ಮುಗಿಯಿತು

ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಇಂಜಿನ್ ಒರೆಸುವುದು ಅಂಬಾಸಿಡರ್ ಕಾಲದ ರೂಢಿ. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ರೂಢಿ ಮಾತ್ರ ಅಲ್ಲಲ್ಲಿ ಉಳಿದಿದೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಉರಿಯಬಲ್ಲ ಆವಿ ಬಿಡುತ್ತದೆ. ಗಾಳಿಗಿಂತ ಭಾರವಾದ ಆ ಆವಿ ನೆಲ ಹಿಡಿದು ಹರಡಿ ದೂರದ ಒಲೆಯನ್ನೂ ಮುಟ್ಟೀತು.

ಇಂದಿನ ಇಂಜಿನ್ನಿನ ತುಂಬ ತಂತಿಗಳು, ಸಂವೇದಕಗಳು, ಅವನ್ನೆಲ್ಲ ಆಳುವ ಒಂದು ಪುಟ್ಟ ಕಂಪ್ಯೂಟರ್. ರಭಸದ ನೀರು ಜೋಡಣೆಗಳ ಸಂದಿಗೆ ಹೊಕ್ಕರೆ ಮರುದಿನ ಕಾರು ಚಾಲೂ ಆಗದಿರಬಹುದು. ಆದ್ದರಿಂದ ಮೊದಲು ಒಣ ಬ್ರಷ್ಷಿನಿಂದ ದೂಳು ಝಾಡಿಸಬೇಕು. ಪಾತ್ರೆ ತೊಳೆಯುವ ದ್ರಾವಣವನ್ನು ನೀರಿಗೆ ಬೆರೆಸಿ, ಇಂಜಿನ್ ಮೇಲೆ ಸುರಿಯದೆ, ಬಟ್ಟೆಗೆ ಹಚ್ಚಿ ಹಿಂಡಿ ಒರೆಸಬೇಕು. ಸಾಬೂನಿನ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದ ಜಿಡ್ಡು ಕಿತ್ತು ಬರುತ್ತದೆ. ಕೊನೆಗೆ ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಚಾಲೂ ಮಾಡಬೇಕು. ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳಿದ್ದರೆ ಮುಟ್ಟಲೇಬಾರದು. ಅವುಗಳಲ್ಲಿ ಪ್ರಾಣಾಪಾಯ ತರುವಷ್ಟು ವಿದ್ಯುತ್ ಇರುತ್ತದೆ.

ಚರ್ಮಕ್ಕೆ ಕೊಬ್ಬರಿ ಎಣ್ಣೆ ಬೇಡ

ಹಸಿ ಚರ್ಮ ಕೊಳೆಯುತ್ತದೆ, ಹದ ಮಾಡಿದ ಚರ್ಮ ಕೊಳೆಯುವುದಿಲ್ಲ. ಚರ್ಮದಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಟ್ಯಾನಿನ್ ಬಿಗಿಯಾಗಿ ಹೆಣೆಯುವುದೇ ಇದಕ್ಕೆ ಕಾರಣ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯೂ ತಯಾರಾಗುತ್ತದೆ; ಅದರ ಚರ್ಮವನ್ನು ಗಿಡಮರಗಳ ಟ್ಯಾನಿನ್ನಿನಿಂದ ಹದ ಮಾಡುತ್ತಾರೆ. ಕಾರಿನ ಚರ್ಮವನ್ನು ಹೆಚ್ಚಾಗಿ ಕ್ರೋಮಿಯಂ ಲವಣಗಳಿಂದ ಹದ ಮಾಡಿ, ಮೇಲೆ ತೆಳುವಾದ ಬಣ್ಣದ ಲೇಪ ಕೊಟ್ಟಿರುತ್ತಾರೆ. ಕೈಗೆ ತಾಗುವುದು ಆ ಲೇಪವೇ.

ಚರ್ಮ ತುಸು ಆಮ್ಲೀಯ, ಬಟ್ಟೆ ಸಾಬೂನು ಕ್ಷಾರೀಯ. ಪದೇ ಪದೇ ಸಾಬೂನು ಹಚ್ಚಿದರೆ ಲೇಪ ಸವೆದು ಚರ್ಮ ಬಿರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಮಿರುಗು ಬರುವುದು ನಿಜ. ಆದರೆ ಲೇಪದ ಮೇಲೆಯೇ ನಿಂತ ಎಣ್ಣೆ ದೂಳು ಹಿಡಿದು, ಕ್ರಮೇಣ ಕಮಟು ವಾಸನೆ ಕೊಡುತ್ತದೆ. ಬೂಟ್ ಪಾಲಿಶ್ ಹಚ್ಚಿದರೆ ಬಣ್ಣ ಶಾಲೆಯ ಬಿಳಿ ಅಂಗಿಗೇ ಸೇರುತ್ತದೆ! ಸಂದಿಯ ಮರಳಿನ ಕಣಗಳನ್ನು ಮೊದಲು ಮೆತ್ತಗಿನ ಬ್ರಷ್ಷಿನಿಂದ ತೆಗೆಯಬೇಕು. ಇಲ್ಲವಾದರೆ ಅವೇ ಉಪ್ಪುಕಾಗದದಂತೆ ಗೀರುತ್ತವೆ. ಬಳಿಕ ಚರ್ಮಕ್ಕೆಂದೇ ಸಿಗುವ ದ್ರಾವಣವನ್ನು ಬಟ್ಟೆಗೆ ಹಚ್ಚಿ ಒರೆಸಿ, ನೆರಳಿನಲ್ಲಿ ಒಣಗಿಸಿದರೆ ಸಾಕು. ಅನೇಕ ಕಾರುಗಳ ಮುಂದಿನ ಆಸನದ ಮಗ್ಗುಲಲ್ಲಿ ಏರ್‌ಬ್ಯಾಗ್ ಇರುವುದರಿಂದ ಆಸನ ತೋಯಿಸಬಾರದು. ಬಿಸಿಲಲ್ಲಿ ಮುಚ್ಚಿಟ್ಟ ಕಾರಿನ ಒಳಗಿನ ಗಾಳಿ ಒಂದು ತಾಸಿನಲ್ಲೇ ಹೊರಗಿಗಿಂತ ಸುಮಾರು 20 ಡಿಗ್ರಿ ಹೆಚ್ಚು ಕಾಯಬಲ್ಲದು. ನೆರಳಿಗೆ ನಿಲ್ಲಿಸುವುದೇ ಚರ್ಮಕ್ಕೆ ದೊಡ್ಡ ಆರೈಕೆ.

ಹೊಳಪಿಗಿಂತ ನೋಟ ಮುಖ್ಯ

ಇಷ್ಟೆಲ್ಲ ಏಕೆ? ಶುಚಿಯಾದ ಇಂಜಿನ್ನಿನಲ್ಲಿ ದೋಷ ತಾನಾಗಿ ಕಾಣುತ್ತದೆ. ಹೊಸ ಎಣ್ಣೆಯ ಕಲೆ, ಬಿರಿದ ರಬ್ಬರ್ ಕೊಳವೆ, ಇಲಿ ಕಡಿದ ತಂತಿ ಎಲ್ಲವೂ ಅಂಟಿನ ಪದರದ ಕೆಳಗೆ ಅಡಗಿರುತ್ತವೆ. ಇಲಿಯ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಅದಕ್ಕೆ ಕಡಿಯುವುದು ಅನಿವಾರ್ಯ. ಮೈ ಸುಲಿದ ತಂತಿಗಳು ಒಂದಕ್ಕೊಂದು ತಾಗಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಅಂಥ ತಂತಿಯನ್ನು ರವಿವಾರ ಬೆಳಿಗ್ಗೆ ಅಂಗಳದಲ್ಲಿ ಮಕ್ಕಳ ಚುರುಕು ಕಣ್ಣು ಕಂಡುಹಿಡಿದರೆ ಮೆಕ್ಯಾನಿಕ್ಕನಿಗೆ ಅದು ಸಣ್ಣ ಕೆಲಸ. ನಡುರಾತ್ರಿ ಹೆದ್ದಾರಿಯಲ್ಲಿ ಕಂಡರೆ ಮನೆಮಂದಿಯ ಜೀವದ ಪ್ರಶ್ನೆ.